ಜಬ್ಬಾರ್ ಸಾಬರು ಬಿಚ್ಚಿದ ತಾಯಿತ

ಗುಬ್ಬಿಯ ಜಬ್ಬಾರ್ ಸಾಬರು ಯಾರನ್ನೂ ಅಪ್ಪನ ಹೆಸರು ಹಿಡಿದು ಗುರುತಿಸಿದವರಲ್ಲ. ಬ್ಯಾಂಕಿನ ಮ್ಯಾನೇಜರು ಎದುರಿಗೆ ಬಂದರೂ ಅವರಿಗೆ ಆತ ಪಾರ್ವತಮ್ಮನ ಮಗ. ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಹೆಂಗಸು ಸಾಕಮ್ಮನ ಮಗಳು. ಮೀಸೆ ತಿರುವಿಕೊಂಡು ಓಡಾಡುವ ಪಂಚಾಯ್ತಿಯ ದೊಡ್ಡ ಮನುಷ್ಯನೊಬ್ಬನನ್ನು ನಡುಬೀದಿಯಲ್ಲಿ ನಿಲ್ಲಿಸಿ, “ಏನ್ಲಾ ಪುಟ್ಟಮ್ಮನ ಮಗನೇ, ಕೆಮ್ಮು ಹೋಯ್ತಾ?” ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಆ ಮನುಷ್ಯ ಮೀಸೆಯಿಂದ ಕೈ ತೆಗೆದು, ಸ್ಕೂಲು ಹುಡುಗನ ಹಾಗೆ, “ಹೋಯ್ತು ಸಾಬ್ರೇ” ಅಂದ.

ಇದಕ್ಕೆ ಕಾರಣ ಅವರ ಕಸುಬು. ಸಾಬರು ತಾಯಿತ ಬರೆಯುತ್ತಿದ್ದರು. ಕುರಾನಿನ ಒಂದೆರಡು ಸಾಲನ್ನು ತೆಳ್ಳನೆಯ ಕಾಗದದಲ್ಲಿ ಕೇಸರಿ ಕದಡಿದ ಗುಲಾಬಿ ನೀರಿನಿಂದ ಬರೆದು, ಕೆಳಗೆ ಕಟ್ಟಿಸಿಕೊಳ್ಳುವವರ ಹೆಸರು, ಅದರ ಪಕ್ಕದಲ್ಲಿ ಅವರ ತಾಯಿಯ ಹೆಸರು ಹಾಕುತ್ತಿದ್ದರು. ತಂದೆಯ ಹೆಸರು ಹಾಕುವ ಪದ್ಧತಿ ಆ ಕಸುಬಿನಲ್ಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ. “ಅಪ್ಪ ಯಾರು ಅನ್ನೋದನ್ನ ಊರು ಹೇಳ್ಬೇಕು. ಅಮ್ಮ ಯಾರು ಅನ್ನೋದಕ್ಕೆ ಯಾರೂ ಹೇಳೋದು ಬೇಕಾಗಿಲ್ಲ ಕಣಪ್ಪ” ಎಂದು ನಕ್ಕರು. ಹೀಗೆ ಗುಬ್ಬಿ, ಚೇಳೂರು, ಆಚೆ ಈಚೆಯ ಹಳ್ಳಿಗಳ ಜನವೆಲ್ಲ ಅವರ ತಲೆಯಲ್ಲಿ ತಾಯಂದಿರ ಹೆಸರಿನ ಮೇಲೆ ಕೂತಿತ್ತು. ಸಾಬರ ಜನ, ನಮ್ಮ ಜನ, ಎಲ್ಲ ಜಾತಿಯವರೂ ಅದರಲ್ಲಿದ್ದರು.

ನನಗೂ ಅವರಿಗೂ ಗಂಟು ಬಿದ್ದದ್ದು ವ್ಯಾಪಾರದಿಂದ. ನಾನು ಹುಲಿಯೂರುದುರ್ಗದ ಬೆಟ್ಟದ ಕೆಳಗಿನ ಹಳ್ಳಿಯವನು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಗುಜರಿ ಎತ್ತುವುದರಿಂದ ಶುರು ಮಾಡಿ, ತುಮಕೂರಿನ ಸತ್ಯಮಂಗಲದಲ್ಲಿ ಒಂದು ಶೆಡ್ಡು ಹಾಕುವ ಮಟ್ಟಕ್ಕೆ ಬಂದವನು. ಅಲ್ಲಿ ಪ್ರೆಸ್ ಮಿಷನ್ನು ಇಟ್ಟುಕೊಂಡು ತಾಮ್ರ, ಹಿತ್ತಾಳೆಯ ಸಣ್ಣಪುಟ್ಟ ಮಾಲು ತಯಾರಿಸುತ್ತೇನೆ. ದೊಡ್ಡ ಮಾಲಿಗೆ ದೊಡ್ಡವರು ಇದ್ದಾರೆ. ಅವರು ಬಗ್ಗಿ ನೋಡದ ಸಣ್ಣ ಮಾಲಿನಲ್ಲೇ ನಮ್ಮಂಥವರ ಅನ್ನ ಇದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಯಾರು ಕೇಳಿದರೂ, ಕೇಳದಿದ್ದರೂ, ನಾನು ಹೇಳುವ ಮೊದಲ ಮಾತು ಇದು. ತಾಯಿತದ ಕಾಗದ ಇಡುವ, ಮುಚ್ಚಳವಿರುವ ತಾಮ್ರದ ಪುಟ್ಟ ಕೊಳವೆ, ಅಂದರೆ ಅಂಡೆ, ಅಂಥ ಒಂದು ಮಾಲು. ಅದರ ಸ್ಯಾಂಪಲ್ಲು ಹಿಡಿದುಕೊಂಡು ಮಸೀದಿಯ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆ ಜಗಲಿಗೆ ಹೋದೆ.

ಅವರು ಅಂಡೆಯನ್ನು ಮುಟ್ಟಲಿಲ್ಲ, ರೇಟು ಕೇಳಲಿಲ್ಲ. ಮೊದಲು ಕೇಳಿದ್ದು, “ನಿಮ್ಮಮ್ಮನ ಹೆಸರೇನಪ್ಪ?” ಅಷ್ಟು ವರ್ಷ ಮಾರ್ಕೆಟ್ಟು ಸುತ್ತಿದ್ದೆ, ಯಾವ ಗಿರಾಕಿಯೂ ಅದನ್ನು ಕೇಳಿರಲಿಲ್ಲ. ಗೌರಮ್ಮ ಅಂದೆ. ಅವತ್ತಿನಿಂದ ನನ್ನ ರೇವಣ್ಣ ಎನ್ನುವ ಹೆಸರು ಆ ಗಲ್ಲಿಯಲ್ಲಿ ನಡೆಯಲಿಲ್ಲ. ನಾನು ಗೌರಮ್ಮನ ಮಗ. ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ನಾನು ಶೆಡ್ಡು ಹಾಕಿದ ಸುದ್ದಿಗೂ ಅವಳ ಮುಖ ಅಷ್ಟು ಅರಳಿರಲಿಲ್ಲ.

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಸಾಬರು ಸೋಲಿಸುತ್ತಿದ್ದರು, ಅದೂ ರೇಟಿನ ಮಾತೇ ಎತ್ತದೆ. ಅವರ ತಕರಾರೆಲ್ಲ ಮುಚ್ಚಳದ ಮೇಲೆ. ಸುಲಭವಾಗಿ ತೆರೆಯುವ ಮುಚ್ಚಳ ಅವರಿಗೆ ಆಗುತ್ತಿರಲಿಲ್ಲ. “ತೆಗ್ಯಕ್ಕಾಗೋ ಹಂಗಿದ್ರೆ ತೆಗೆದು ನೋಡ್ತಾರೆ. ನೋಡಿದ್ಮೇಲೆ ಇಷ್ಟೇನಾ ಅಂತಾರೆ” ಎನ್ನುವರು. ನಾನು ಮುಚ್ಚಳ ಬಿಗಿ ಮಾಡಿಸಿ ತಂದರೆ, ಕಾಗದಕ್ಕೆ ಸುತ್ತಿದ ಮೇಣದ ಬಟ್ಟೆ ಒಳಗೆ ಹೋಗುತ್ತಿಲ್ಲ ಎಂದು ವಾಪಸ್ಸು ಕಳಿಸುವರು. ಕೊನೆಗೆ ಅವರು ಹೇಳಿದ ಅಳತೆಯದೇ ಅಚ್ಚು ಮಾಡಿಸಿದೆ. ಆ ಅಚ್ಚಿನ ಮಾಲು ಆಮೇಲೆ ಎಷ್ಟೋ ಊರಿಗೆ ಹೋಯಿತು, ಲಾಭವಾದದ್ದು ನನಗೇ.

ಸಲಹೆ ಕೊಡುವುದು ನನ್ನ ಚಟ. ಅವರಿಗೂ ಕೊಟ್ಟೆ. ಒಂದೊಂದೇ ಕೂತು ಬರೆಯುವ ಬದಲು ಚೆನ್ನಾಗಿ ಒಂದು ಬರೆದು, ಉಳಿದದ್ದನ್ನು ಜೆರಾಕ್ಸ್ ಮಾಡಿಸಿ, ಹೆಸರಿನ ಜಾಗ ಮಾತ್ರ ಖಾಲಿ ಬಿಡಿ, ಎರಡು ಪಟ್ಟು ಜನರನ್ನು ನೋಡಬಹುದು ಅಂದೆ. ಸಾಬರು ಗಡ್ಡ ಸವರಿಕೊಂಡು ನಿಜವಾಗಿಯೂ ಯೋಚಿಸುತ್ತಿರುವವರಂತೆ ಕೂತರು. ಆಮೇಲೆ, “ಅವ್ರು ಬಂದು ಹೇಳ್ಕೊಳ್ಳೋದನ್ನ ಯಾರು ಕೇಳ್ತಾರೆ? ಜೆರಾಕ್ಸ್ ಅಂಗಡಿಯವ್ನಾ?” ಅಂದರು.

ಕೇಳಿಸಿಕೊಳ್ಳುವುದೇ ಅವರ ಅರ್ಧ ಕೆಲಸ ಎನ್ನುವುದು ಅಲ್ಲಿ ಕೂತೂ ಕೂತೂ ನನಗೆ ತಿಳಿಯಿತು. ಮಗುವಿಗೆ ಜ್ವರ ಎಂದು ಬಂದವರಿಗೆ ಮೊದಲು ಮಾತ್ರೆಯ ಶೀಟು ತೋರಿಸು ಎನ್ನುತ್ತಿದ್ದರು. ಆಸ್ಪತ್ರೆಗೆ ಹೋಗದೆ ನೇರವಾಗಿ ಜಗಲಿಗೆ ಬಂದವರನ್ನು ಬೈದು ಎಬ್ಬಿಸಿ ಕಳಿಸುವರು. ಹುಡುಗಿಯ ಮನಸ್ಸು ತಿರುಗಿಸಲು, ದಾಯಾದಿಯ ಬಾಯಿ ಕಟ್ಟಲು, ಕೋರ್ಟು ಗೆಲ್ಲಲು ಎಂದು ಬಂದವರಿಗೆ ಬರೆಯುತ್ತಲೇ ಇರಲಿಲ್ಲ. ಒಂದು ಚುನಾವಣೆಯಲ್ಲಿ ಎದುರಾಳಿಗಳು ಇಬ್ಬರೂ, ಒಬ್ಬರಿಗೆ ತಿಳಿಯದಂತೆ ಒಬ್ಬರು, ಬಂದು ಹಟ ಹಿಡಿದರಂತೆ. ಸಾಬರು ಬಂದಬಂದವನನ್ನು ಕೂರಿಸಿ ತಲೆಯ ಮೇಲೆ ಕೈಯಿಟ್ಟು, ಇವನಿಗೆ ಒಳ್ಳೆಯ ಬುದ್ಧಿ ಕೊಡು ಎಂದು ಜೋರಾಗಿಯೇ ದುವಾ ಮಾಡಿ ಕಳಿಸಿದರು. “ಒಬ್ಬ ಗೆದ್ದ. ಬುದ್ಧಿ ಬಂದಿದ್ದು ಸೋತವನಿಗೆ” ಎಂದು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ತಾಯಿತದಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂದು ಅವರನ್ನು ಮುಖಕ್ಕೆ ಮುಖ ಕೊಟ್ಟು ಕೇಳುವ ಸಲಿಗೆ ನನಗಿತ್ತು. “ಕಾಯೋನು ಮೇಲಿದಾನೆ. ನಾನು ಬರೆಯೋದು ಬೇಡಿಕೆ. ಅದನ್ನ ಕೊರಳಲ್ಲಿ ಕಟ್ಕೊಂಡ್ರೆ, ಬೇಡ್ಕೊಂಡಿದೀನಿ ಅನ್ನೋದು ಮರೆಯಲ್ಲ” ಎನ್ನುವುದು ಅವರ ಉತ್ತರ. ಅದಕ್ಕಿಂತ ಹೆಚ್ಚು ಅವರು ಯಾವತ್ತೂ ಹೇಳಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಮುಬೀನಾ. ಹೆಂಡತಿ ಬೇಗ ತೀರಿಕೊಂಡಿದ್ದರಿಂದ ಅಡಿಗೆ, ಜಡೆ, ಸ್ಕೂಲು ಎಲ್ಲ ಸಾಬರ ಕೈಯಲ್ಲೇ ನಡೆಯಿತು. ಹುಡುಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ತುಮಕೂರಿನ ಡಾಕ್ಟರ ಹತ್ತಿರ ವರ್ಷಗಟ್ಟಲೆ ತೋರಿಸಿ ಒಂದು ಹೊತ್ತೂ ತಪ್ಪದೆ ಮಾತ್ರೆ ನುಂಗಿಸಿದರು. ಹಾಗೆಯೇ ಒಂದು ತಾಯಿತವನ್ನೂ ಬರೆದು ಅವಳ ಕೊರಳಿಗೆ ಕಟ್ಟಿದರು. ಬರಬರುತ್ತಾ ಫಿಟ್ಸ್ ನಿಂತಿತು. ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು. ತಾಯಿತ ಉಳಿಯಿತು. ಯಾವುದರಿಂದ ಗುಣವಾಯಿತು ಎಂದು ಜನ ಕೇಳಿದರೆ, “ಔಷಧಿ ಔಷಧಿ ಕೆಲ್ಸ ಮಾಡ್ತು, ದುವಾ ದುವಾ ಕೆಲ್ಸ ಮಾಡ್ತು. ಪಾಲು ಹಾಕೋಕೆ ನಾನ್ಯಾರು” ಎನ್ನುವರು. ಮುಬೀನಾ ಮಾತ್ರ ಪಾಲು ಹಾಕಿ ಮುಗಿಸಿದ್ದಳು. ಅವಳ ಪ್ರಕಾರ ಎಲ್ಲ ಅಬ್ಬಾನ ತಾಯಿತದಿಂದಲೇ. ಸ್ನಾನಕ್ಕೂ ಅದನ್ನು ತೆಗೆಯುತ್ತಿರಲಿಲ್ಲ. ದಾರ ಸವೆದರೆ ಅಪ್ಪನೇ ಹೊಸ ಕಪ್ಪು ದಾರ ಪೋಣಿಸಿ ಕಟ್ಟಬೇಕು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಸಾಬರ ಜಗಲಿಗೆ ಬರುವ ಜನ ಬದಲಾದರು. ಇಸ್ಲಾಮಿನಲ್ಲಿ ತಾಯಿತದ ವಿಷಯಕ್ಕೆ ಹಿಂದಿನಿಂದಲೂ ಎರಡು ಮಾತಿದೆಯಂತೆ. ದೇವರ ವಾಕ್ಯವೇ ಒಳಗಿದ್ದರೆ, ಕಾಯುವವನು ಅವನೊಬ್ಬನೇ ಎಂದು ನಂಬಿದ್ದರೆ, ಕಟ್ಟಿಕೊಳ್ಳಬಹುದು ಎಂದು ಕೆಲವು ವಿದ್ವಾಂಸರು. ಏನನ್ನೂ ಕಟ್ಟಿಕೊಳ್ಳಕೂಡದು, ಮೇಲಿರುವವನ ಮೇಲಿನ ಭರವಸೆ ದಾರಕ್ಕೂ ತಗಡಿಗೂ ಹಂಚಿಹೋಗುತ್ತದೆ, ಅದು ದೊಡ್ಡ ಪಾಪ ಎಂದು ಇನ್ನು ಕೆಲವರು. ನಾನು ಇದರಲ್ಲಿ ಬಾಯಿ ಹಾಕುವವನಲ್ಲ. ಆದರೆ ಮೊಬೈಲಿನಲ್ಲಿ ಭಾಷಣ ಕೇಳಿ ಬೆಳೆದ ಹೊಸ ಹುಡುಗರು ಎರಡನೇ ಮಾತನ್ನು ಹಿಡಿದಿದ್ದರು. ಮನೆಮನೆಯಲ್ಲೂ ತಾಯಿತ ಬಿಚ್ಚುವುದು ಶುರುವಾಯಿತು.

ಬಿಚ್ಚಿದ ಮೇಲೆ ಮುಂದೇನು? ಒಳಗೆ ಕುರಾನಿನ ಸಾಲು ಇರುವುದರಿಂದ ಕಸಕ್ಕೆ ಎಸೆಯುವಂತಿಲ್ಲ. ಕಾಗದವನ್ನು ಮರ್ಯಾದೆಯಿಂದ ಹೂಳಬೇಕು, ಇಲ್ಲವೇ ಅಕ್ಷರ ಬಿಡುವವರೆಗೆ ನೀರಿನಲ್ಲಿಡಬೇಕು. ಅದನ್ನು ಸರಿಯಾಗಿ ಮಾಡಬಲ್ಲವರು ಗುಬ್ಬಿಯಲ್ಲಿ ಯಾರು? ಬರೆದವರೇ. ಹಾಗಾಗಿ ಶುಕ್ರವಾರದ ನಮಾಜು ಮುಗಿದ ಮೇಲೆ ಜನ, ಕೆಲವರು ತಲೆ ತಗ್ಗಿಸಿಕೊಂಡು, ಕೆಲವರು ಮುಖ ಗಂಟಿಕ್ಕಿಕೊಂಡು, ಸಾಬರು ಕಟ್ಟಿದ್ದ ತಾಯಿತಗಳನ್ನು ಸಾಬರಿಗೇ ತಂದುಕೊಡತೊಡಗಿದರು.

ಅವರು ಯಾರೊಡನೆಯೂ ವಾದ ಮಾಡಲಿಲ್ಲ. ಪಿಂಗಾಣಿ ಬೋಗುಣಿಯಲ್ಲಿ ನೀರಿಟ್ಟುಕೊಂಡು ಜಗಲಿಯಲ್ಲಿ ಕೂರುವರು. ಮುಚ್ಚಳ ಕಿತ್ತು, ಮೇಣದ ಬಟ್ಟೆ ಬಿಡಿಸಿ, ಕಾಗದವನ್ನು ಬೆಳಕಿಗೆ ಹಿಡಿದು ಹೆಸರು ಓದುವರು. ಇದು ಹಸೀನಾಳ ಹಿರಿಯ ಮಗನದು, ಹೆದರಿಕೊಂಡು ಹಾಸಿಗೆ ಒದ್ದೆ ಮಾಡುತ್ತಿದ್ದ, ಈಗ ಗಡ್ಡ ಬಿಟ್ಟುಕೊಂಡು ನನಗೇ ಬುದ್ಧಿ ಹೇಳಿ ಹೋದ ಎಂದು ನಗುವರು. ಇದು ಖಮರುನ್ನೀಸಾಳ ಮಗಳದು ಎಂದು ಇನ್ನೊಮ್ಮೆ ಓದುವರು. ಆಮೇಲೆ ಕಾಗದವನ್ನು ನೀರಿಗೆ ಬಿಡುವರು. ಕೇಸರಿಯ ಬಣ್ಣ ಬಿಟ್ಟುಕೊಳ್ಳುವುದನ್ನು ನೋಡುತ್ತಾ ಕೂರುವರು. ಆ ನೀರನ್ನು ಯಾರೂ ತುಳಿಯದ ಕಡೆ, ಗೋಡೆಯ ಪಕ್ಕದ ದಾಳಿಂಬೆ ಗಿಡದ ಬುಡಕ್ಕೆ ಹಾಕುವರು.

ಉಳಿಯುತ್ತಿದ್ದದ್ದು ಖಾಲಿ ಅಂಡೆಗಳು. ಅವನ್ನು ಗುಜರಿ ತೂಕಕ್ಕೆ ತೆಗೆದುಕೊಳ್ಳುವವನು ನಾನೇ. ಹೊಸದಾಗಿ ಕೊಟ್ಟದ್ದೂ ನಾನು, ಹಳೆಯದಾಗಿ ಎತ್ತಿಕೊಂಡದ್ದೂ ನಾನು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೂ ಆ ಚೀಲವನ್ನು ಗಾಡಿಗೆ ಹಾಕುವಾಗ ನನಗೆ ಯಾವತ್ತೂ ಖುಷಿಯಾಗಲಿಲ್ಲ.

ಮುಬೀನಾಳನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಅಳಿಯ ಇಲಿಯಾಸ್ ಟೈರಿನ ಅಂಗಡಿ ಇಟ್ಟವನು. ಐದು ಹೊತ್ತಿನ ನಮಾಜು ತಪ್ಪಿಸದ, ಬೀಡಿ ಸಹ ಸೇದದ, ಹೆಂಡತಿಗೆ ಟೈಲರಿಂಗ್ ಮಿಷನ್ನು ಕೊಡಿಸಿ ನಿನ್ನ ದುಡಿಮೆ ನಿನ್ನದು ಎಂದ ಹುಡುಗ. ಇಂಥ ಅಳಿಯನನ್ನು ಹುಡುಕಿದರೂ ಸಿಗುವುದಿಲ್ಲ ಎಂದು ಸಾಬರೇ ಹೇಳುತ್ತಿದ್ದರು. ಆ ಹುಡುಗನೂ ಎರಡನೇ ಮಾತಿನ ಕಡೆಯವನು. ಮದುವೆಯಾದ ಹೊಸದರಲ್ಲಿ ಸುಮ್ಮನಿದ್ದ. ಆಮೇಲೆ ಹೆಂಡತಿಯ ಕೊರಳಿನ ತಾಯಿತ ಅವನ ಕಣ್ಣಿಗೆ ಚುಚ್ಚತೊಡಗಿತು. ಮುಬೀನಾ ಜಗ್ಗಲಿಲ್ಲ. ಅಬ್ಬಾ ಹೇಳಿದರೆ ಮಾತ್ರ ತೆಗೆಯುತ್ತೇನೆ ಎಂದುಬಿಟ್ಟಳು.

ಒಂದು ಶುಕ್ರವಾರ ಇಲಿಯಾಸ್ ತಾನೇ ಗುಬ್ಬಿಗೆ ಬಂದ. ನಾನೂ ಅಲ್ಲೇ ಇದ್ದೆ; ಎದ್ದು ಹೋಗಲು ನೋಡಿದರೆ ಸಾಬರು ಕೈ ಹಿಡಿದು ಕೂರಿಸಿಕೊಂಡರು. ಹುಡುಗ ಜಗಲಿಯ ಅಂಚಿನಲ್ಲಿ ಕೂತು, ತನ್ನ ಬೆರಳನ್ನೇ ನೋಡಿಕೊಂಡು ಮಾತಾಡಿದ. ಮಾವನನ್ನು ನೋಯಿಸಲು ಬಂದಿಲ್ಲ ಎಂದ. ನಾಳೆ ಮೇಲಿನವನ ಮುಂದೆ ನಿಂತಾಗ ಹೆಂಡತಿಯ ಲೆಕ್ಕವನ್ನೂ ನನ್ನನ್ನೇ ಕೇಳುತ್ತಾನೆ ಎಂದು ಭಯವಾಗುತ್ತದೆ ಎಂದ. ಈ ವಿಷಯಕ್ಕೆ ಮನೆಯಲ್ಲಿ ಮಾತು ನಿಂತುಹೋಗಿದೆ, ಊಟಕ್ಕೆ ಬಡಿಸುವುದೂ ಸದ್ದಿಲ್ಲದೆ ನಡೆಯುತ್ತಿದೆ ಎಂದ. ಅವನ ದನಿಯಲ್ಲಿ ಜಂಬ ಇರಲಿಲ್ಲ. ಇದ್ದಿದ್ದರೆ ಸಾಬರಿಗೆ ಸುಲಭವಾಗುತ್ತಿತ್ತು. “ಬರ್ತೀನಿ ಹೋಗಪ್ಪ, ನಾನೇ ಬಂದು ಹೇಳ್ತೀನಿ” ಅಂದರು.

ಎರಡು ದಿನ ಬಿಟ್ಟು ಕುಣಿಗಲ್ ಕಡೆ ನನ್ನದೊಂದು ಡೆಲಿವರಿ ಇತ್ತು. ಸಾಬರು ನನ್ನ ಗೂಡ್ಸ್ ಗಾಡಿಯಲ್ಲೇ ಬಂದರು. ಇಸ್ತ್ರಿ ಮಾಡಿದ ಜುಬ್ಬ, ಹೊಸ ಟೋಪಿ ಹಾಕಿಕೊಂಡಿದ್ದರು. ತುಮಕೂರು ದಾಟಿದೆವು. ಹೆಬ್ಬೂರಿನ ಹತ್ತಿರ ಕಬ್ಬಿನ ಹಾಲು ಕುಡಿಯೋಣವೇ ಎಂದು ಕೇಳಿದೆ, ಬೇಡವೆಂದರು. ಆಮೇಲೆ ರಸ್ತೆ ನೋಡುತ್ತಲೇ ಹೇಳಿದರು: “ಅವಳು ಸಿಕ್ಕಾಕ್ಕೊಂಡವಳೆ ಕಣಪ್ಪ. ಗಂಡನ ಮಾತು ಕೇಳ್ಬೇಕು ಅಂತ ಅವಳಿಗೂ ಐತೆ. ಅಪ್ಪನ ಮನಸ್ಸು ನೋಯುತ್ತಲ್ಲ ಅಂತ ಬಾಯಿ ಬಿಡ್ತಿಲ್ಲ. ಅದಕ್ಕೇ ನನ್ ಮೇಲೆ ಹಾಕವಳೆ. ನಾನೇ ಬಿಡಿಸ್ಬೇಕು.” ನಾನು ಹೌದೌದು ಅಂದೆ. ನನಗೂ ಹಾಗೆಯೇ ಕಂಡಿತ್ತು.

ಮನೆಯಲ್ಲಿ ಮುಬೀನಾ ಒಬ್ಬಳೇ ಇದ್ದಳು; ಇಲಿಯಾಸ್ ಬೇಕೆಂದೇ ಅಂಗಡಿಯಲ್ಲಿ ಉಳಿದಿದ್ದ. ಅಪ್ಪನನ್ನು ಕಂಡು ಅವಳ ಮುಖ ಬೆಳಗಿತು. ಚಹಾ ತಂದಳು, ಅಪ್ಪನಿಗೆ ಇಷ್ಟವೆಂದು ಗರಿಗರಿ ಟೋಸ್ಟು ಇಟ್ಟಳು. ನಿಮಗೆ ಸಕ್ಕರೆ ಜಾಸ್ತಿ ಅಲ್ವಾ ಮಾಮ ಎಂದು ನನಗೆ ಇನ್ನೊಂದು ಚಮಚ ಹಾಕಿದಳು. ಇನ್ನೇನು ಎಲ್ಲ ಸರಿಹೋಗುತ್ತದೆ ಎನ್ನುವ ಧೈರ್ಯದಲ್ಲಿ ಓಡಾಡುತ್ತಿದ್ದಳು. ಆಮೇಲೆ ಚಾಪೆಯ ಮೇಲೆ ಅಪ್ಪನ ಎದುರಿಗೆ ಕೂತಳು. ಅವರು ಮನೆಯಲ್ಲಿ ಉರ್ದು ಆಡುತ್ತಾರೆ; ಗುಜರಿ ವ್ಯಾಪಾರದಲ್ಲಿ ಕಲಿತ ಭಾಷೆ, ನನಗೆ ತಿಳಿಯುತ್ತದೆ. ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹೇಳಿ ಅಬ್ಬಾ. ನೀವೇ ಹೇಳ್ಬಿಡಿ” ಅಂದಳು.

“ತೆಗೆದ್ಬಿಡು ಮಗಳೇ.”

ಅವಳು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಅಪ್ಪನನ್ನೇ ನೋಡಿದಳು. “ತೆಗೆದ್ರೆ ಏನೂ ಆಗಲ್ವಾ?”

“ಏನೂ ಆಗಲ್ಲ.”

“ಮತ್ತೆ ಇಷ್ಟು ವರ್ಷ ಕಟ್ಟಿದ್ದು?”

ಸಾಬರು ಚಹಾದ ಲೋಟ ಕೆಳಗಿಟ್ಟರು. “ಅದು ಕಾಗದ ಕಣಮ್ಮ” ಅಂದರು.

ಮುಬೀನಾ ಕೊರಳಿನ ತಾಯಿತವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಕಟ್ಟಿದವರೇ ಬಿಚ್ಚಿ ಎಂದು ಅಪ್ಪನ ಕಡೆಗೆ ಬೆನ್ನು ತಿರುಗಿಸಿ ಕೂತಳು. ಸಾಬರು ಕತ್ತಿನ ಹಿಂದಿನ ಗಂಟನ್ನು ಉಗುರಿನಿಂದ ಬಿಡಿಸಲು ನೋಡಿದರು. ಬಿಚ್ಚಲೇಬಾರದೆಂದು ಹಾಕಿದ ಗಂಟು, ಎಣ್ಣೆ ಬೆವರು ಕುಡಿದು ಕಲ್ಲಾಗಿತ್ತು. ನಾನು ಟೈಲರಿಂಗ್ ಮಿಷನ್ನಿನ ಮೇಲಿದ್ದ ಕತ್ತರಿ ಎತ್ತಿಕೊಟ್ಟೆ. ದಾರ ಕತ್ತರಿಸಿದ ಮೇಲೆ ಅವಳು ತಿರುಗಿ ನೋಡದೆ ಎದ್ದು ಒಳಗೆ ಹೋದಳು. ಪಾತ್ರೆ ಜೋಡಿಸುವ ಸದ್ದು ಬಹಳ ಹೊತ್ತು ಬಂತು. ನಾವು ಹೊರಡುವಾಗ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದು ಖುದಾ ಹಾಫಿಜ್ ಎಂದಳು. ಕೆಲಸ ಸುಸೂತ್ರವಾಗಿ ಮುಗಿಯಿತು ಅಂದುಕೊಂಡೆ. ವಾಪಸ್ಸು ಬರುವಾಗ, ಕುಣಿಗಲ್ ಕೆರೆಯ ಹತ್ತಿರ ಗಾಡಿ ನಿಧಾನ ಮಾಡಿ, ತಾಯಿತವನ್ನು ನೀರಿಗೆ ಬಿಡುವುದಾದರೆ ನಿಲ್ಲಿಸಲೇ ಎಂದು ಕೇಳಿದೆ. ಸಾಬರು ಮುಚ್ಚಿದ ಮುಷ್ಟಿಯನ್ನು ತೆರೆಯಲಿಲ್ಲ. ಹೋಗಪ್ಪ, ಹೋಗು ಎಂದರು.

ಅದಾದ ಮುಂದಿನ ವಾರ ಹೊಸ ಅಂಡೆಗಳ ಪೊಟ್ಟಣ ಹಿಡಿದುಕೊಂಡು ಗುಬ್ಬಿಗೆ ಹೋದೆ. ಇನ್ನು ಬೇಡವೆಂದರು. ಯಾಕೆ, ಮಾಲಿನಲ್ಲಿ ಏನಾದರೂ ತಪ್ಪಾಯಿತೇ ಎಂದೆ. ಹಿಂದಿನ ದಿನ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಿದ್ದಳಂತೆ. ಎಂದಿನಂತೆ ಹೆಸರು ಕೇಳಿ, ಕಾಗದ ಬಿಡಿಸಿ, ಲೇಖನಿ ಅದ್ದಿದ್ದಾರೆ. ಕೈ ಮುಂದೆ ಹೋಗಿಲ್ಲ. “ಮಗಳಿಗೆ ಕಾಗದ ಅಂದ್ಬಿಟ್ಟೆ. ಇವಳಿಗೆ ಏನಂತ ಕಟ್ಲಿ?” ಅಂದರು.

ನಾನು ನನಗೆ ತಿಳಿದ ರೀತಿಯಲ್ಲಿ ಬುದ್ಧಿ ಹೇಳಿದೆ. ಮನೆಯ ಮಾತು ಮನೆಗೆ, ಕಸುಬಿನ ಮಾತು ಕಸುಬಿಗೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಗಳ ಸಂಸಾರ ಉಳಿಯಲೆಂದು ಆಡಿದ್ದನ್ನು ಯಾರೂ ತಪ್ಪು ಎನ್ನುವುದಿಲ್ಲ ಎಂದೆ. ಸಾಬರು ಪೂರ್ತಿ ಕೇಳಿಸಿಕೊಂಡರು.

“ಎರಡರಲ್ಲಿ ಒಂದು ಕಡೆ ಸುಳ್ಳು ಹೇಳಿದೀನಿ ಗೌರಮ್ಮನ ಮಗನೇ” ಅಂದರು. “ಊರಿಗೆ ಹೇಳಿದ್ನೋ, ಮಗಳಿಗೆ ಹೇಳಿದ್ನೋ, ಅದೇ ಗೊತ್ತಾಗ್ತಿಲ್ಲ. ಗೊತ್ತಾಗೋವರ್ಗೂ ಹೆಂಗ್ ಬರೀಲಿ?”

ಬರೆಯುವುದು ಅಲ್ಲಿಗೆ ನಿಂತಿತು. ಜನ ಬರುವುದು ಅಷ್ಟು ಬೇಗ ನಿಲ್ಲಲಿಲ್ಲ, ಅದರಲ್ಲೂ ನಮ್ಮ ಕಡೆಯವರು. ಅವರಿಗೆ ಮಸೀದಿಯ ವಾದ ಏನು ಗೊತ್ತು? ಅಜ್ಜಿ ಕಟ್ಟಿಸಿದ್ದಳು, ಅಮ್ಮ ಕಟ್ಟಿಸಿದ್ದಳು, ನಾವೂ ಕಟ್ಟಿಸುತ್ತೇವೆ ಎಂದು ಬರುವವರು. ಆಮೇಲೊಂದು ಮಧ್ಯಾಹ್ನ ನಾನಿದ್ದಾಗಲೇ ಚೇಳೂರಿನ ಬಸ್ಸಿನಿಂದ ಇಳಿದು ಒಬ್ಬಳು ಬಂದಳು. ತೋಟ, ಹೊಲ ಇರುವ ಮನೆಯ ಹೆಣ್ಣುಮಗಳು, ಹೆಗಲ ಮೇಲೆ ಮಗು. ಸಾಬರು ಕೇಳುವ ಮೊದಲೇ ಚೀಲದಿಂದ ಮಾತ್ರೆಯ ಶೀಟು, ಔಷಧಿ ಬಾಟಲಿ ತೆಗೆದು ಜಗಲಿಯ ಮೇಲಿಟ್ಟಳು. ಇವರ ನಿಯಮ ಅವಳಿಗೆ ಗೊತ್ತಿತ್ತು. ಈಗ ಬರೆಯುತ್ತಿಲ್ಲಮ್ಮ ಎಂದು ಸಾಬರು ಹೇಳಿದರು. ಅವಳಿಗೆ ಅದು ಅರ್ಥವಾಗಲಿಲ್ಲ. ಕಣ್ಣು ಕಾಣುವುದಿಲ್ಲವೇ, ಕೈ ನೋವೇ ಎಂದು ವಿಚಾರಿಸಿದಳು. ಜ್ವರ ಬಿಟ್ಟಿದೆ ಸಾಬ್ರೇ, ಡಾಕ್ಟ್ರು ಭಯ ಇಲ್ಲ ಅಂದವ್ರೆ, ಆದರೂ ನನಗೇ ಕಣ್ಣು ಮುಚ್ಚಕ್ಕಾಗ್ತಿಲ್ಲ ಅಂದಳು.

ಸಾಬರು ಮಗುವಿನ ತಲೆ ಸವರಿದರು, ತುಟಿಯಲ್ಲೇ ಏನನ್ನೋ ಓದಿ ಊದಿದರು. ಅವಳು ಇನ್ನೂ ಏನೋ ಬರುತ್ತದೆ ಎಂದು ಕಾದು ಕೂತೇ ಇದ್ದಳು. ಕೊಡಲು ಅವರ ಹತ್ತಿರ ಮತ್ತೇನೂ ಇರಲಿಲ್ಲ. ಕೊನೆಗೆ ಬಾಟಲಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಬೇಜಾರು ತೋರಿಸಿಕೊಳ್ಳದೆ, ಹುಷಾರಾಗಿರಿ ಎಂದು ಅವರಿಗೇ ಹೇಳಿ ಹೋದಳು. ಗಲ್ಲಿಯ ತಿರುವಿನವರೆಗೂ ಸಾಬರು ಅವಳ ಬೆನ್ನನ್ನೇ ನೋಡುತ್ತಿದ್ದರು. ಯಾವ ಕೆಲಸವೂ ಇಲ್ಲದ ಎರಡು ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಹಾಗೆ.

ತೀರಿಕೊಂಡ ಸುದ್ದಿ ಬಂದಾಗ ನಾನು ಮಾಲು ತರಲು ಹೊರಗೂರಿಗೆ ಹೋಗಿದ್ದೆ, ಮಣ್ಣಿಗೆ ಸಿಗಲಿಲ್ಲ. ಬಂದ ಮೇಲೆ ಗುಬ್ಬಿಗೆ ಹೋದೆ. ಮನೆ ಖಾಲಿ ಮಾಡುವ ಕೆಲಸ ನಡೆದಿತ್ತು. ಇಲಿಯಾಸ್ ಬೀರುವನ್ನು ಹೊರಗೆ ಸಾಗಿಸಲು ಆಳುಗಳೊಂದಿಗೆ ಕಷ್ಟಪಡುತ್ತಿದ್ದ. ಮಾವನ ಕೊನೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಂದು ಸ್ನಾನ ಮಾಡಿಸಿ ಹೋಗುತ್ತಿದ್ದವನು ಅವನೇ ಎಂದು ಅಕ್ಕಪಕ್ಕದವರು ಹೇಳಿದರು. ಮುಬೀನಾ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಆರೋಗ್ಯವಾಗಿದ್ದಳು, ತಾಯಿತ ತೆಗೆದಿದ್ದರಿಂದ ಅವಳಿಗೆ ಏನೂ ಆಗಿರಲಿಲ್ಲ. ಗಂಡ ಹೆಂಡತಿ ಚೆನ್ನಾಗಿಯೇ ಇದ್ದರು.

ನಾನು ಸಮಾಧಾನ ಹೇಳುವ ಧಾಟಿಯಲ್ಲಿ, ನಿಮ್ಮಪ್ಪ ನಿನ್ನ ಸಂಸಾರಕ್ಕೋಸ್ಕರ ದೊಡ್ಡ ಮನಸ್ಸು ಮಾಡಿದರಮ್ಮ ಎಂದೆ. ಅವಳು ತಲೆ ಎತ್ತಿದಳು.

“ಅಬ್ಬಾ ಹೇಳಿದ್ರೆ ತೆಗೀತೀನಿ ಅಂತ ನಾನ್ಯಾಕ್ ಹೇಳ್ದೆ ಗೊತ್ತಾ ಮಾಮ? ಅವ್ರು ಸತ್ರೂ ಹೇಳಲ್ಲ ಅನ್ನೋ ಧೈರ್ಯದ ಮೇಲೆ. ಅವತ್ತು ನೀವಿಬ್ರೂ ಬಂದಾಗ, ಅಬ್ಬಾ ನನ್ ಪರ ನಿಂತ್ಕೊಳ್ಳೋಕೆ ಬಂದವ್ರೆ ಅಂದ್ಕೊಂಡಿದ್ದೆ.”

ನಾನು ಜೀವಮಾನವೆಲ್ಲ ಚೌಕಾಸಿ ಮಾಡಿದವನು. ಒಂದು ವಸ್ತುವನ್ನು ಮಾರಲು ಮನಸ್ಸೇ ಇಲ್ಲದಿದ್ದಾಗ ಮಾರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಯಾರೂ ಕೊಡಲಾರದ ರೇಟು ಹೇಳಿ ಸುಮ್ಮನೆ ಕೂರುತ್ತೇವೆ. ಎದುರಿನವನು ತಾನಾಗಿ ಎದ್ದು ಹೋಗುತ್ತಾನೆ. ಆ ಹುಡುಗಿ ಮಾಡಿದ್ದು ಅದನ್ನೇ. ಮಾರ್ಕೆಟ್ಟಿನಲ್ಲಿ ಇಂಥದ್ದನ್ನು ಮೈಲಿ ದೂರದಿಂದ ಹಿಡಿಯುವ ನನಗೆ, ಅದೇ ಚಾಪೆಯ ಮೇಲೆ ಕೂತು ಚಹಾ ಕುಡಿದರೂ ಹೊಳೆಯಲಿಲ್ಲ. ಸಾಬರಿಗೆ ಹೊಳೆಯುವ ಮಾತೇ ಇರಲಿಲ್ಲ. ಮಗಳು ಹೇಳಿದ ರೇಟನ್ನು ಅವರು ಪೂರ್ತಿ ಕೊಟ್ಟು ಬಂದರು. ಓದುವವರಿಗೆ ಇಲ್ಲಿ ಒಂದು ಬುದ್ಧಿಮಾತು ಹೇಳಬೇಕೆಂದು ಕೈ ತುರಿಸುತ್ತದೆ. ಏನು ಹೇಳಬೇಕೆಂದು ತೋಚುತ್ತಿಲ್ಲ.

“ದಾರೀಲಿ ಅಬ್ಬಾ ಏನಾದ್ರೂ ಹೇಳಿದ್ರಾ?” ಎಂದು ಅವಳು ಕೇಳಿದಳು.

ಹೇಳಬಾರದೇನೋ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ, ಹೆಬ್ಬೂರಿನ ಹತ್ತಿರ ಅವರು ಆಡಿದ್ದನ್ನು ಆಡಿದ ಹಾಗೆಯೇ ಹೇಳಿದೆ. ಅವಳು ಸಿಕ್ಕಾಕ್ಕೊಂಡವಳೆ, ನಾನೇ ಬಿಡಿಸ್ಬೇಕು ಅಂದರಮ್ಮ ಎಂದೆ.

ಮುಬೀನಾ ಅಳಲಿಲ್ಲ. ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಅವಳು ಆ ಮಾತನ್ನು ಮೆಲ್ಲಗೆ ಉರ್ದುವಿಗೆ ತಿರುಗಿಸಿ, ಅಪ್ಪ ಮನೆಯಲ್ಲಿ ಆಡಿದ್ದರೆ ಹೇಗೆ ಆಡುತ್ತಿದ್ದರೋ ಹಾಗೆ, ಅವರ ನಿಧಾನದಲ್ಲೇ ಹೇಳಿಕೊಂಡಳು. ಹೇಳಿ, ಸರಿಯಾಯಿತೇ ಎಂದು ನನ್ನ ಮುಖ ನೋಡಿದಳು.

ನಾನು ತಲೆಯಾಡಿಸಿದೆ.